ಡಿಸ್ಪಸ್ ಅಂದ್ರ ಮನಿಗೆ

ಪೊಲೀಸರು ಮೈಕಿನಲ್ಲಿ ಹೇಳಿದ್ದರಲ್ಲಿ ನನ್ನ ಮಗಳಿಗೆ ಅರ್ಥವಾದದ್ದು ಒಂದೇ ಮಾತು. ಅದು ನನಗೆ ಹೊಳೆಯುವ ಹೊತ್ತಿಗೆ ಮಧ್ಯಾಹ್ನ ಕಳೆದುಹೋಗಿತ್ತು.

ದಾವಣಗೆರೆಯಲ್ಲಿ ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿಸಿಕೊಂಡು ನಾನೂ ಶಾಂಭವಿಯೂ ಹಿರೇಹಡಗಲಿಗೆ ವಾಪಸಾಗುತ್ತಿದ್ದೆವು. ಹರಪನಹಳ್ಳಿಯ ಹತ್ತಿರ ಬಸ್ಸು ನಿಂತುಬಿಟ್ಟಿತು. ಪಂಪ್‌ಸೆಟ್ಟಿಗೆ ಕರೆಂಟು ಕೊಡುತ್ತಿಲ್ಲವೆಂದು ರೈತರು ಸರ್ಕಲ್ಲಿನಲ್ಲಿ ರಸ್ತೆ ತಡೆದಿದ್ದರು. "ಇಳೀರಿ, ಇಳೀರಿ, ಗಾಡಿ ಇನ್ನ ಮುಂದಕ್ಕ ಹೋಗಂಗಿಲ್ಲ" ಎಂದು ಕಂಡಕ್ಟರು ಎಲ್ಲರನ್ನೂ ಇಳಿಸಿದ. ಆಚೆ ಕಡೆ ಹೋಗಿ ಹಡಗಲಿಯ ಬಸ್ಸು ಹಿಡಿದರಾಯಿತೆಂದು ನಾನು ಬಲಗೈಯಲ್ಲಿ ಚೀಲ, ಎಡಗೈಯಲ್ಲಿ ಮಗಳನ್ನು ಹಿಡಿದುಕೊಂಡು ಸರ್ಕಲ್ಲಿನವರೆಗೆ ಬಂದೆ. ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡಲು ಜಾಗವಿರಲಿಲ್ಲ. ಬಾಗಿಲು ಹಾಕಿದ ಬಟ್ಟೆ ಅಂಗಡಿಯೊಂದರ ನೆರಳಿಗೆ ನಿಂತೆವು.

ನಡುರಸ್ತೆಯಲ್ಲಿ ಟೈರು ಉರಿಯುತ್ತಿತ್ತು.

"ಅವ್ವಾ, ಟೈರ್ ಯಾಕ ಸುಡಾಕತ್ಯಾರ?"

"ಕರೆಂಟ್ ಬೇಕಂತವ್ವ."

"ಟೈರ್ ಸುಟ್ರ ಕರೆಂಟ್ ಬರತೈತೇನು?"

ಪಕ್ಕದಲ್ಲಿದ್ದ ಹಸಿರು ಶಾಲಿನ ಮುದುಕರು ಕೆಮ್ಮುವಷ್ಟು ನಕ್ಕರು. "ಯಾರ ಮಗಳಬೇ ನೀನು? ಮೊದ್ಲು ನಿನ್ನನ್ನ ಎಮ್ಮೆಲ್ಲೆ ಮಾಡಬೇಕು ನೋಡು" ಎಂದರು. ಶಾಂಭವಿ ನಾಚಿಕೊಂಡು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಅವಳಿಗೆ ಏಳು ವರ್ಷ.

ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಮೈಕಿನಲ್ಲಿ ಯಾರೋ ಮಾತಾಡಿದರು. ಗದ್ದಲದಲ್ಲಿ ಅರ್ಧಂಬರ್ಧ ಕೇಳಿಸಿತು. ಕಾನೂನು ಅಂದರು, ಎಚ್ಚರಿಕೆ ಅಂದರು. ಕೊನೆಗೆ ಗಂಟಲು ಹರಿಯುವಂತೆ, "ಎಲ್ಲಾರೂ ಡಿಸ್ಪರ್ಸ್ ಆಗ್ರಿ! ಡಿಸ್ಪರ್ಸ್! ಡಿಸ್ಪರ್ಸ್!"

ಎಲ್ಲಿಂದಲೋ ಒಂದು ಕಲ್ಲು ಬಿತ್ತು. ಲಾಠಿಗಳು ಮೇಲೆದ್ದವು. ಜನ ಒಮ್ಮೆಲೇ ನಮ್ಮ ಕಡೆಗೆ ನುಗ್ಗಿದರು. ನಾನು ಷಟರಿಗೆ ಒತ್ತಿಹೋದೆ, ಉಸಿರು ಕಟ್ಟಿತು. ನೂಕಾಟ ದಾಟಿ ಕಣ್ಣು ಬಿಟ್ಟಾಗ ಚೀಲ ಬಲಗೈಯಲ್ಲೇ ಇತ್ತು. ಎಡಗೈ ಖಾಲಿಯಾಗಿತ್ತು.

ಸರ್ಕಲ್ಲು ಖಾಲಿಯಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಪ್ಪಲಿಗಳು, ಟವೆಲ್ಲುಗಳು, ಯಾರದೋ ಊಟದ ಡಬ್ಬಿ ಅಲ್ಲಲ್ಲಿ ಬಿದ್ದಿದ್ದವು. ಆ ಚಪ್ಪಲಿಗಳಲ್ಲಿ ಸಣ್ಣವಿದ್ದಾವೆಯೇ ಎಂದು ಬಗ್ಗಿ ಬಗ್ಗಿ ನೋಡಿದೆ. ಇರಲಿಲ್ಲ. "ಶಾಂಬೀ, ಶಾಂಬವ್ವಾ" ಎಂದು ಒಂದೊಂದು ಸಂದಿಯ ಬಾಯಲ್ಲೂ ನಿಂತು ಕೂಗಿದೆ. ಬಾಗಿಲುಗಳ ಹಿಂದಿನಿಂದ ಜನ ಇಣುಕಿದರು, ಮತ್ತೆ ಮುಚ್ಚಿಕೊಂಡರು.

ಬಸ್ ನಿಲ್ದಾಣದ ಪಕ್ಕದಲ್ಲಿ ಮಂಡಕ್ಕಿ ಮಾರುವ ಹೆಂಗಸೊಬ್ಬಳು ಉರುಳಿಬಿದ್ದ ತನ್ನ ತಳ್ಳುಗಾಡಿಯನ್ನು ಎತ್ತಲು ಹೆಣಗುತ್ತಿದ್ದಳು. ನನ್ನನ್ನು ನೋಡಿ ಅದನ್ನು ಅಲ್ಲೇ ಬಿಟ್ಟು ಬಂದಳು.

"ಏನಾತಬೇ ಯವ್ವಾ? ಯಾರನ್ನ ಕೂಗಾಕತ್ತಿ?"

"ನನ್ ಮಗಳ್ರಿ. ಹಸಿರು ಲಂಗ. ಎರಡು ಜಡಿ. ಈಗ ಇಲ್ಲೇ ಇದ್ಲು."

"ಹಂಗ್ ನಡುಗಬ್ಯಾಡ. ಮೊದ್ಲು ದವಾಖಾನಿ ನೋಡೂಣು ನಡಿ." ಅವಳ ಹೆಸರು ಭರಮಮ್ಮ. ಮಂಡಕ್ಕಿ ಮಣ್ಣುಪಾಲಾಗಿದ್ದರೂ ಅವಳು ಹಿಂದಿರುಗಿ ನೋಡಲಿಲ್ಲ.

ದವಾಖಾನೆಯಲ್ಲಿ ತಲೆಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಗಂಡಸರಿದ್ದರು. ನೂಕಾಟದಲ್ಲಿ ಬಿದ್ದ ಮುದುಕಿಯೊಬ್ಬಳಿದ್ದಳು. ಸಣ್ಣ ಹುಡುಗಿಯರು ಯಾರೂ ಬಂದಿಲ್ಲವೆಂದು ನರ್ಸಮ್ಮ ಹೇಳಿದರು. ಜೀವ ಬಂದಂತಾಯಿತು. ಮೆಟ್ಟಿಲಿಳಿಯುವಷ್ಟರಲ್ಲಿ, ಇಲ್ಲಿ ಇಲ್ಲ ಅಂದರೆ ಎಲ್ಲಿ ಎನಿಸಿ ಅಲ್ಲೇ ಕೂತುಬಿಟ್ಟೆ. ಭರಮಮ್ಮ ರಟ್ಟೆ ಹಿಡಿದು ಎಬ್ಬಿಸಿದಳು.

ದೇವಸ್ಥಾನದ ಕಟ್ಟೆ, ಪೇಟೆಯ ಸಂದಿಗಳು, ಬಸ್ ನಿಲ್ದಾಣದ ಹಿಂಬದಿ, ಎಲ್ಲ ಕಡೆ ತಿರುಗಿದೆವು. ಕೆರೆಯ ಕಡೆಗೂ ಹೋದೆವು. ಏರಿಯ ಮೇಲೆ ನಿಂತು ನೀರನ್ನು ನೋಡುವ ಧೈರ್ಯ ನನಗಾಗಲಿಲ್ಲ. ಭರಮಮ್ಮನೇ ನೋಡಿ ಬಂದು, "ಏನೂ ಇಲ್ಲ, ಬಾ" ಎಂದಳು.

ಕೊನೆಗೆ ಠಾಣೆಗೆ ಹೋದೆವು. ದುರುಗಪ್ಪನೆಂಬ ಪೇದೆ ಮೇಜಿನ ಹಿಂದೆ ಕೂತಿದ್ದ. ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು.

"ಯಾವೂರ್ರಿ ನಿಮ್ದು?"

"ಕೊಟ್ಟೂರು." ಬಾಯಿಗೆ ಬಂದದ್ದು ಅದೇ. "ಅಲ್ರಿ, ಹಿರೇಹಡಗಲಿ."

"ಒಂದೂರು ಹೇಳ್ರಿ ಅಮ್ಮಾರ. ಎರಡೂರು ಬರದ್ರ ಸಾಹೇಬ್ರು ನನ್ನನ್ನ ಮೂರನೇ ಊರಿಗೆ ವರ್ಗ ಮಾಡ್ತಾರ."

"ಹಿರೇಹಡಗಲಿ ಬರಕೊಳ್ರಿ. ನಮ್ಮಣ್ಣನ ಮನಿಯಾಗ ಅದೀವಿ."

"ಕೂಸಿನ ತಂದಿ?"

"ಸಂಡೂರಾಗ ಅದಾರ. ಅದಿರು ಲಾರಿ ಓಡಿಸ್ತಾರ."

"ನೋಡ್ರಿ, ಮೂರೂರು ಆಗೇಬಿಡ್ತು" ಎಂದ. ಭರಮಮ್ಮ ಅವನ ಮೇಲೆ ರೇಗಿದಳು. "ಆಕಿ ಹೊಟ್ಯಾಗ ಬೆಂಕಿ ಬಿದ್ದೈತಿ, ನೀ ಊರು ಎಣಸ್ತೀಯಲ್ಲೋ ದುರುಗಾ!" ಅವನು ಮೆತ್ತಗಾದ. "ತಪ್ಪು ತಿಳಿಬ್ಯಾಡ್ರಿ ಅಮ್ಮಾರ. ಎಲ್ಲೂ ಹೋಗಿರಂಗಿಲ್ಲ. ಡಿಸ್ಪರ್ಸ್ ಅಂದ್ಕೂಡ್ಲೆ ದೊಡ್ಡಾರ ದಿಕ್ಕಾಪಾಲಾಗಿ ಓಡ್ಯಾರ. ಅದು ಕೂಸು, ಅದಕ್ಕೇನ್ ತಿಳಿತೈತಿ ಡಿಸ್ಪರ್ಸ್ ಅಂದ್ರ?"

ನನ್ನ ಕೈ ನನಗೆ ನೆನಪಾಯಿತು. ನೂಕಾಟ ಆಮೇಲೆ ಬಂದದ್ದು. ಅದಕ್ಕೂ ಮೊದಲು, ಮೈಕು ಕೂಗುತ್ತಿದ್ದಾಗಲೇ, ಅವಳ ಬೆರಳುಗಳು ನನ್ನ ಅಂಗೈಯಿಂದ ಸರಕ್ಕನೆ ಹೊರಗೆ ಹೋಗಿದ್ದವು. ಯಾರೂ ಕಿತ್ತಿರಲಿಲ್ಲ. ಅವಳೇ ಬಿಡಿಸಿಕೊಂಡಿದ್ದಳು. ಎರಡೂ ಕೈ ಪಕ್ಕೆಗೆ ಒತ್ತಿ ನೆಟ್ಟಗೆ ನಿಲ್ಲುವುದಕ್ಕೆ.

"ತಿಳಿತೈತ್ರಿ. ಆಕಿಗೆ ತಿಳಿತೈತಿ" ಎಂದೆ.

ಕೊಟ್ಟೂರಿನಲ್ಲಿ ನಮ್ಮದು ದೊಡ್ಡ ಸಂಸಾರವಾಗಿತ್ತು. ನಾಲ್ವರು ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಮಾವನವರು. ಶಾಂಭವಿ ಓಣಿಯ ತುದಿಯಲ್ಲಿದ್ದ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಏಕಾಂತಪ್ಪ ಮೇಷ್ಟ್ರು ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಡ್ರಿಲ್ಲು ಮಾಡಿಸುತ್ತಿದ್ದರು. ಅಟೆನ್ಷನ್ ಅನ್ನುವರು. ಮಕ್ಕಳು ಕೈ ಪಕ್ಕೆಗೆ ಒತ್ತಿ ನಿಲ್ಲುವರು. ಡಿಸ್ಪರ್ಸ್ ಅನ್ನುವರು. ಒಂದು ಸಲ್ಯೂಟು ಹೊಡೆದು ಎಲ್ಲವೂ ಹೋ ಎಂದು ಮನೆಗೆ ಓಡುವವು. ನನ್ನ ಮಗಳ ಬಾಯಲ್ಲಿ ಅದು ಡಿಸ್ಪಸ್ ಆಗಿತ್ತು.

ಮನೆಯಲ್ಲೂ ಅದೇ ಆಟ. ತೊಳೆದಿಟ್ಟ ಲೋಟಗಳನ್ನು ಸಾಲಾಗಿ ನಿಲ್ಲಿಸಿ ಡ್ರಿಲ್ಲು ಮಾಡಿಸುವಳು. ಊಟವಾದ ಮೇಲೆ ಮಾವನವರು ಪಡಸಾಲೆಯಲ್ಲಿ ಕೂತು, "ಏನ್ರಲೇ, ಡಿಸ್ಪಸ್!" ಅಂದರೆ ಮೊಮ್ಮಕ್ಕಳೆಲ್ಲ ಸಲ್ಯೂಟು ಹೊಡೆದು ಹಾಸಿಗೆಗೆ ಓಡುವವು. ನಾನು ಹತ್ತನೆಯವರೆಗೆ ಓದಿದವಳು. ಒಂದು ದಿನ ಜಡೆ ಹಾಕುತ್ತ ಅವಳಿಗೆ ಅರ್ಥ ಹೇಳಲು ಹೋದೆ.

"ಡಿಸ್ಪರ್ಸ್ ಅಂದ್ರ ಚದುರಿ ಹೋಗೋದವ್ವ. ಕಾಳು ಚೆಲ್ಲಿದ್ರ ಹೆಂಗ ಒಂದೊಂದು ಒಂದೊಂದ್ ಕಡಿ ಹೋಗ್ತಾವ? ಹಂಗ."

ಅವಳು ಜಡೆ ಕಿತ್ತುಕೊಂಡು ತಿರುಗಿ ನೋಡಿದಳು. "ನಿನಗ ಗೊತ್ತಿಲ್ಲ ಸುಮ್ನಿರು. ಡಿಸ್ಪಸ್ ಅಂದ್ರ ಮನಿಗೆ. ಮನಿಗೆ ಹೋಗ್ರಿ ಅಂತ."

"ಆತು ತಾಯಿ, ನೀ ಹೇಳಿದ್ದ ಖರೆ" ಎಂದು ನಕ್ಕು ಜಡೆ ಮುಗಿಸಿದೆ.

ಮಾವನವರು ತೀರಿಕೊಂಡ ವರ್ಷವೇ ಮನೆ ಪಾಲಾಯಿತು. ಯಾರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದಂತೇನೂ ಇರಲಿಲ್ಲ. ಆದರೂ ಪಾಲಾಯಿತು. ಮನೆಯನ್ನು ಈರುಳ್ಳಿ ವ್ಯಾಪಾರಿಯೊಬ್ಬರಿಗೆ ಮಾರಿ, ಒಬ್ಬರು ಕೂಡ್ಲಿಗಿಗೆ, ಒಬ್ಬರು ಹಗರಿಬೊಮ್ಮನಹಳ್ಳಿಗೆ, ಒಬ್ಬರು ಹೆಂಡತಿಯ ತವರಿಗೆ ಹೋದರು. ನನ್ನ ಗಂಡ ಅರುಣಕುಮಾರರು ಲಾರಿ ಓಡಿಸಲು ಸಂಡೂರಿಗೆ ಹೋದರು. ಅಲ್ಲಿ ಸಂಸಾರ ಹೂಡುವಂಥ ಜಾಗ ಸಿಗುವವರೆಗೆ ಎಂದು ನಾವಿಬ್ಬರೂ ನನ್ನ ಅಣ್ಣ ವೀರಭದ್ರಯ್ಯನ ಮನೆಗೆ ಬಂದೆವು. ವರ್ಷವಾಗಿತ್ತು. ಮನೆ ಬೇರೆಯವರದಾಗಿದೆ ಎಂದು ಶಾಂಭವಿಗೆ ನಾವ್ಯಾರೂ ಹೇಳಿರಲಿಲ್ಲ. ದೊಡ್ಡವಳಾದ ಮೇಲೆ ತಾನೇ ತಿಳಿಯುತ್ತದೆ ಎಂದು ಅವರಪ್ಪ ಅಂದಿದ್ದರು.

ಸಾಮಾನು ಹೇರುವ ದಿನ ಸಣ್ಣ ಮೈದುನ ಲಾರಿಗೆ ಹಗ್ಗ ಬಿಗಿಯುತ್ತ, ಅಳು ಬಂದಿತ್ತೋ ನಗು ಬಂದಿತ್ತೋ, "ಆತು ನೋಡ್ರಿ, ಇನ್ನ ಎಲ್ಲಾರೂ ಡಿಸ್ಪಸ್" ಎಂದ. ನಾವೆಲ್ಲ ಬೀದಿಯಲ್ಲಿ ನಿಂತಿದ್ದೆವು. ಶಾಂಭವಿ ಸಲ್ಯೂಟು ಹೊಡೆದು ಖಾಲಿ ಮನೆಯೊಳಕ್ಕೆ ಓಡಿದಳು. ಎತ್ತಿಕೊಂಡು ಬರಬೇಕಾಯಿತು.

ದುರುಗಪ್ಪನಿಗೆ ಇಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ. "ಮನಿಗೆ ಹೊಂಟಾಳ್ರಿ. ನಡಕೊಂಡ" ಎಂದೆ.

"ಹಿರೇಹಡಗಲಿಗಾ? ಕೂಸಾ?"

ಎಸ್‌ಟಿಡಿ ಬೂತಿನಿಂದ ಅಣ್ಣನ ಮನೆಯ ಪಕ್ಕದ ಕಿರಾಣಿ ಅಂಗಡಿಗೆ ಫೋನು ಮಾಡಿ ಅಣ್ಣನನ್ನು ಕರೆಸಿದೆ.

"ಅಳಬ್ಯಾಡ ಗಂಗಾ" ಎಂದ ಅಣ್ಣ. "ಮನಿಗೆ ಅಂತ ಹೊಂಟಿದ್ರ ಇಲ್ಲಿಗೇ ಬರತಾಳ. ಬ್ಯಾರೆ ಎಲ್ಲಿಗೆ ಹೋಗ್ತಾಳ? ನೀ ಆ ಕಡಿಂದ ಹಡಗಲಿ ರಸ್ತಿ ಹಿಡಕೊಂಡು ಬಾ, ನಾ ಈ ಕಡಿಂದ ಸೈಕಲ್ ಮ್ಯಾಲ ಬರತೀನಿ."

ಬೂತಿನ ಹೊರಗೆ ನಿಂತಿದ್ದ ಆಟೋದವನೊಬ್ಬ ತಾನು ಹಡಗಲಿ ರಸ್ತೆಯಲ್ಲಿ ಒಬ್ಬಳು ಸಣ್ಣ ಹುಡುಗಿಯನ್ನು ಕಂಡೆ ಎಂದ. ಲಂಗದ ಬಣ್ಣ ಅವನಿಗೆ ನೆನಪಿರಲಿಲ್ಲ.

ಪಡುವಲಿಗೆ ಹೋದರೆ ಹಿರೇಹಡಗಲಿ. ಮೂಡಲಿಗೆ ಹೋದರೆ ಕೊಟ್ಟೂರು. ಎರಡೂ ಕಡೆ ಹೋಗಲು ನಾನು ಇಬ್ಬರಿರಲಿಲ್ಲ. ಇಳಿಹೊತ್ತಾಗಿತ್ತು. ಒಂದು ಕಡೆ ಹೋಗಿ ಅವಳು ಅಲ್ಲಿಲ್ಲ ಎಂದು ತಿಳಿಯುವಷ್ಟರಲ್ಲಿ ಇನ್ನೊಂದು ಕಡೆ ಕತ್ತಲಾಗಿರುತ್ತಿತ್ತು.

ಹಿರೇಹಡಗಲಿಯ ಕಡೆಗೇ ಹೋಗಿರಲಿ ಎಂದು ಮನಸ್ಸು ಹಂಬಲಿಸಿತು. ಅಲ್ಲಿ ಅಣ್ಣ ಎದುರಿಗೆ ಬರುತ್ತಿದ್ದಾನೆ. ಅಲ್ಲಿ ಅತ್ತಿಗೆ ಅವಳಿಗೆಂದು ಕೆನೆ ತೆಗೆದಿಡುತ್ತಾಳೆ. ಒಂದು ವರ್ಷದಿಂದ ಅವಳು ಉಂಡು ಮಲಗಿ ಎದ್ದ ಮನೆ ಅದು. ಆದರೆ ಆ ವರ್ಷದಲ್ಲಿ ಒಂದು ದಿನವೂ ಅವಳು ಲೋಟಗಳನ್ನು ಸಾಲಾಗಿ ನಿಲ್ಲಿಸಿರಲಿಲ್ಲ. ಹಿರೇಹಡಗಲಿಯ ಶಾಲೆಯಲ್ಲಿ ಗಂಟೆ ಹೊಡೆದರೆ ಮಕ್ಕಳು ಎದ್ದು ಬರುತ್ತಿದ್ದರು. ಆ ಮಾತು ಅಲ್ಲಿ ಇರಲೇ ಇಲ್ಲ. ಆ ಮಾತಿಗೆ ಅವಳಿಗೆ ಗೊತ್ತಿದ್ದ ಮನೆ ಒಂದೇ.

ಸರ್ಕಲ್ಲಿನ ಕಂಬಕ್ಕೆ ಊರುಗಳ ಹೆಸರಿನ ಹಲಗೆಗಳಿದ್ದವು. ಕೊಟ್ಟೂರು ಎಂದು ದೊಡ್ಡಕ್ಷರದಲ್ಲಿತ್ತು. ಒತ್ತಕ್ಷರ ಅವಳು ಕಲಿತದ್ದೇ ಆ ಊರಿನ ಹೆಸರಿನಲ್ಲಿ.

"ಭರಮಕ್ಕಾ, ಕೊಟ್ಟೂರು ರಸ್ತಿಗೆ ಹೋಗಬೇಕು" ಎಂದೆ.

"ಆಟೋದವ ಹಡಗಲಿ ಕಡಿ ನೋಡೀನಿ ಅಂತಾನಲ್ಲಬೇ?"

"ಅದು ನನ್ ಮಗಳಲ್ಲ." ಅಷ್ಟು ಗಟ್ಟಿಯಾಗಿ ಹೇಳಿದವಳು ನಾನೇನಾ ಎನಿಸಿತು. ತಪ್ಪಾಗಿದ್ದರೆ?

ಬಸ್ಸುಗಳು ಇನ್ನೂ ಬಿಟ್ಟಿರಲಿಲ್ಲ. ಭರಮಮ್ಮನ ಮಗ ಕನಕರಾಜ ಮಂಡಕ್ಕಿ ಚೀಲ ಹೇರುವ ಲಗೇಜ್ ಆಟೋ ಓಡಿಸುತ್ತಿದ್ದ. ಅವನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದಳು. ಮುಂದೆ ನಾವಿಬ್ಬರು ಹೆಂಗಸರು ಅವನ ಪಕ್ಕ ಒತ್ತಾಗಿ ಕೂತೆವು. ಊರು ದಾಟಿತು. ಎರಡೂ ಕಡೆ ಹೊಲಗಳು, ಜಾಲಿ. ಬದುವಿನ ಮೇಲೆ ಹಸಿರೇನಾದರೂ ಕಂಡರೆ ನಿಲ್ಲಿಸು ಅನ್ನುತ್ತಿದ್ದೆ. ಒಮ್ಮೆ ಎಕ್ಕೆಯ ಗಿಡ. ಇನ್ನೊಮ್ಮೆ ಯಾರೋ ಒಣಹಾಕಿದ ಸೀರೆ. ಕನಕರಾಜ ಬೇಸರಿಸದೆ ಪ್ರತಿ ಸಲವೂ ನಿಲ್ಲಿಸಿದ. ಎದುರಿಗೆ ಬಂದವರನ್ನೆಲ್ಲ ಕೇಳಿದೆವು. ಯಾರೂ ನೋಡಿರಲಿಲ್ಲ. ಅಣ್ಣ ಹೇಳಿದ್ದೇ ಸರಿಯಿತ್ತೇನೋ, ಅವಳು ಅಲ್ಲೆಲ್ಲೋ ನಡೆಯುತ್ತಿದ್ದಾಳೆ, ನಾನು ಇಲ್ಲಿ ದೂರ ದೂರ ಹೋಗುತ್ತಿದ್ದೇನೆ ಎನಿಸತೊಡಗಿತು. "ತಿರುಗಿಸಪ್ಪಾ" ಎನ್ನಲು ಬಾಯಿ ತೆರೆದಿದ್ದೆ.

ರಸ್ತೆಯ ಮೇಲೆ ಕುರಿಹಿಂಡು ಅಡ್ಡ ಬಂತು. ಕನಕರಾಜ ಹಾರ್ನು ಹೊಡೆದ. ಕುರಿಗಳು ಎರಡು ಪಾಲಾಗಿ ರಸ್ತೆ ಬಿಟ್ಟವು. ಹಿಂಡಿನ ಮುಂದೆ, ತಲೆಗೆ ಯಾರದೋ ಹಳೆಯ ಟವೆಲ್ಲು ಸುತ್ತಿಕೊಂಡು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ನನ್ನ ಮಗಳು ನಡೆಯುತ್ತಿದ್ದಳು.

ನಾನು ಹೇಗೆ ಇಳಿದೆನೋ, ಆಟೋ ನಿಂತಿತ್ತೋ ಇಲ್ಲವೋ ತಿಳಿಯದು. ಹೋಗಿ ಅವಳನ್ನು ಅಪ್ಪಿಕೊಂಡು ಮಣ್ಣಿನಲ್ಲೇ ಕೂತೆ. ಮೈಯೆಲ್ಲ ಸವರಿ ನೋಡಿದೆ. ಪಾದದಲ್ಲಿ ಬೊಬ್ಬೆಗಳು ಎದ್ದಿದ್ದವು.

ಕುರಿ ಕಾಯುತ್ತಿದ್ದ ದೊಡ್ಡಬೀರಪ್ಪನೂ ಅವನ ಹೆಂಡತಿ ಮೈಲಮ್ಮನೂ ಬಂದು ನಿಂತರು. "ನಿಮ್ ಕೂಸೇನ್ರಿ?" ಎಂದಳು ಮೈಲಮ್ಮ. "ಎಷ್ಟು ಕೇಳಿದ್ರೂ ಕೊಟ್ಟೂರಾಗ ನಮ್ಮನಿ, ಕೊಟ್ಟೂರಾಗ ನಮ್ಮನಿ ಅಂತೈತಿ. ರೊಟ್ಟಿ ಕೊಟ್ರ ನಡಕೊಂತ ತಿಂತು. ಕುಂದ್ರಂಗೇ ಇಲ್ಲ."

"ದಾರಿ ತಪ್ಪಿದ ಮರಿ ನಿಂತು ಒದರತೈತ್ರಿ" ಎಂದ ದೊಡ್ಡಬೀರಪ್ಪ. "ಇದು ಒದರಾಂಗಿಲ್ಲ, ನಿಂದ್ರಾಂಗಿಲ್ಲ. ಅದಕ್ಕ ಮುಂದಿನ ಊರಿನ ತನಕ ಸಂಗಾಟ ಹೊಂಟಿದ್ವಿ."

ಅವರಿಗೆ ಕೈ ಮುಗಿದೆ. ಶಾಂಭವಿ ಅಳುತ್ತಿರಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು.

"ಪೊಲೀಸ್ರು ಡಿಸ್ಪಸ್ ಅಂದ್ರಲ್ಲ? ನಾ ಸಲ್ಯೂಟ್ ಹೊಡದ್ ಹೊಂಟೆ. ನೀ ಯಾಕ ಬರಲಿಲ್ಲ?"

"ನನಗ ತಿಳೀಲಿಲ್ಲವ್ವ."

"ನಾ ಹೇಳಿದ್ನಲ್ಲ ನಿನಗ!"

ಭರಮಮ್ಮ ಆಟೋದಿಂದ ಕೂಗಿದಳು. "ಗಾಡಿ ಹತ್ತ್ರಿಬೇ ಇಬ್ರೂ, ಹೊತ್ತು ಮುಳಗಾಕ ಬಂತು. ನಿಮ್ಮಣ್ಣ ಅಲ್ಲಿ ರಸ್ತಿ ಮ್ಯಾಲ ಅದಾನ." ಎತ್ತಿಕೊಳ್ಳಲು ಹೋದೆ. ಆಟೋ ಹರಪನಹಳ್ಳಿಯ ಕಡೆ ತಿರುಗಿದ್ದನ್ನು ಶಾಂಭವಿ ಕಂಡಳು. ಮೈ ಬಿಗಿಮಾಡಿಕೊಂಡಳು.

"ಆ ಕಡಿ ಅಲ್ಲ. ಮನಿ ಈ ಕಡಿ."

"ಶಾಂಬೀ, ಆ ಮನಿ..." ಎಂದೆ. ಇನ್ನು ತಡೆದಿಟ್ಟುಕೊಂಡು ಆಗುವುದೇನೂ ಇರಲಿಲ್ಲ. "ಆ ಮನಿ ಈಗ ನಮ್ದಲ್ಲವ್ವ. ಮಾರೇವಿ."

"ಸುಳ್ಳು."

"ಖರೇನವ್ವ."

"ಸುಳ್ಳು ಹೇಳ್ತಿ. ಅಪ್ಪ ಸಂಡೂರಿಂದ ಬಂದಮ್ಯಾಲ ಅಲ್ಲಿಗೇ ಹೋಗ್ತೀವಿ." ಅವಳು ನನ್ನ ತೋಳಿನಿಂದ ಜಾರಿ ಇಳಿದು ಮತ್ತೆ ಕೊಟ್ಟೂರಿನ ಕಡೆಗೆ ನಡೆಯತೊಡಗಿದಳು. ಬೊಬ್ಬೆ ಎದ್ದ ಕಾಲನ್ನು ಅಂಚಿನ ಮೇಲೆ ಊರುತ್ತ ನಡೆದಳು. ಹಿಡಿದು ಎಳೆದೊಯ್ಯಬಹುದಿತ್ತು. ಆದರೆ ಇವತ್ತು ಎಳೆದೊಯ್ದರೆ ಇನ್ನೊಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಮತ್ತೆ ಇದೇ ರಸ್ತೆಗೆ ಬರುತ್ತಾಳೆ ಎಂದು ನನಗೆ ಗೊತ್ತಿತ್ತು.

"ಕನಕರಾಜ, ನಮ್ಮಿಬ್ಬರನ್ನ ಕೊಟ್ಟೂರಿಗೆ ಬಿಡಪ್ಪ" ಎಂದೆ.

"ಹುಚ್ಚು ಹಿಡೀತೇನಬೇ ನಿನಗ?" ಎಂದಳು ಭರಮಮ್ಮ. ನನ್ನ ಮುಖ ನೋಡಿ ಮಗನ ಕಡೆ ತಿರುಗಿದಳು. "ನಡಿಯೋ, ಬಿಟ್ಟು ಬರೂಣು. ನಿಮ್ಮಣ್ಣನ ಊರಿಗೆ ನಾ ಫೋನ್ ಮಾಡ್ತೀನಿ, ನಂಬರ್ ಹೇಳು."

ಕೊಟ್ಟೂರಿನಲ್ಲಿ ದೀಪ ಹಚ್ಚುವ ಹೊತ್ತು. ಓಣಿಯ ಬಾಯಲ್ಲಿ ನಮ್ಮನ್ನು ಇಳಿಸಿ ಅವರು ಹೊರಟರು. ಶಾಂಭವಿ ಕುಂಟುತ್ತಲೇ ಮುಂದೆ ಓಡಿದಳು. ನಾನು ಹಿಂದೆ ಹೋದೆ.

ಬಾಗಿಲಿಗೆ ಹೊಸ ಬೀಗ ಹಾಕಿತ್ತು. ಅದನ್ನು ಮುಟ್ಟಿ ನೋಡಿದಳು. ಬಾಗಿಲು ಬಡಿದು, "ತಾತಾ" ಎಂದು ಕೂಗಿದಳು. ತಾತ ಇಲ್ಲವೆಂದು ಅವಳಿಗೆ ಗೊತ್ತು, ಮಣ್ಣು ಮಾಡುವಾಗ ಅವಳೂ ಇದ್ದಳು. ಆದರೂ ಕೂಗಿದಳು. ಆಮೇಲೆ ಕಿಟಕಿಯ ಕಟ್ಟೆ ಹತ್ತಿ ಒಳಗೆ ಇಣುಕಿದಳು. ಬಿದ್ದಾಳೆಂದು ನಾನು ಅವಳ ಸೊಂಟ ಹಿಡಿದು ನಿಂತೆ. ಪಡಸಾಲೆಯ ತುಂಬ ಮಾಳಿಗೆ ಮುಟ್ಟುವಂತೆ ಈರುಳ್ಳಿ ಚೀಲಗಳನ್ನು ಒಟ್ಟಿದ್ದರು. ಆ ಘಾಟು ಹೊರಗೂ ಬರುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು. ಒಂದೊಂದು ಚೀಲದ ಹಿಂದೆಯೂ ಯಾರಾದರೂ ಇದ್ದಾರೇನೋ ಎಂಬಂತೆ ನೋಡಿದಳು.

"ಅವ್ವಾ, ಎಲ್ಲಾರೂ ಎಲ್ಲಿ ಹೋದ್ರು?"

"ಸಣ್ಣ ಕಾಕಾ ಕೂಡ್ಲಿಗಿಯಾಗ ಅದಾನ. ದೊಡ್ಡಪ್ಪ ಹಗರಿಬೊಮ್ಮನಹಳ್ಳಿಯಾಗ..." ಒಬ್ಬೊಬ್ಬರ ಊರನ್ನೂ ಹೇಳುತ್ತ ಹೋದೆ.

ಅವಳು ಇಳಿದಳು. ಕೈಗೆ ಹತ್ತಿದ ಕಿಟಕಿಯ ಧೂಳನ್ನು ಲಂಗಕ್ಕೆ ಒರೆಸಿಕೊಂಡಳು. ಎದುರುಮನೆಯ ಎರ್ರಮ್ಮ ದೀಪ ಹಿಡಿದು ಬಾಗಿಲಿಗೆ ಬಂದು, "ಯಾರದು? ಗಂಗಮ್ಮಾರೇನ್ರಿ?" ಎಂದಳು.

"ಮಾವನ ಮನಿಗೆ ಹೋಗೂಣು" ಎಂದಳು ಶಾಂಭವಿ. ಅವಳ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. ಅದು ಉಳಿದಿದ್ದರೆ ಚೆನ್ನಾಗಿತ್ತು.

ಆ ಹೊತ್ತಿನಲ್ಲಿ ಹಿರೇಹಡಗಲಿಗೆ ಬಸ್ಸಿರಲಿಲ್ಲ. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳನ್ನು ಕಂಕುಳಿಗೆ ಎತ್ತಿಕೊಂಡೆ.

"ಹೂಂ, ನಡಿ" ಎಂದೆ.